ಸ್ಪಷ್ಟನೆ: ವೆನೆಜುವೆಲಾದ ಅಂಗಡಿಗಳಲ್ಲಿ ಬೊಲಿವರ್ ಬದಲಿಗೆ ಬಂದದ್ದು ಬಿಟ್‌ಕಾಯಿನ್ ಅಲ್ಲ

‘ಹಣದುಬ್ಬರ ತಾಳಲಾರದೆ ವೆನೆಜುವೆಲಾದ ಜನ ಬೊಲಿವರ್ ನೋಟು ಎಸೆದು ದಿನಸಿಗೂ ಬಿಟ್‌ಕಾಯಿನ್ ಕೊಡುತ್ತಿದ್ದಾರೆ, ಸರ್ಕಾರದ ಪೆಟ್ರೊ ಎಂಬ ಡಿಜಿಟಲ್ ನಾಣ್ಯ ದೇಶವನ್ನೇ ಉಳಿಸಿತು’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಹಣದುಬ್ಬರದ ಮಾತು ನಿಜ. ಉಳಿದದ್ದು ತಪ್ಪು.

ಬೆಲೆ ಕುಸಿದ ಬೊಲಿವರ್‌ನಿಂದ ಸರ್ಕಾರ 2018ರಲ್ಲಿ ಐದು ಸೊನ್ನೆ, 2021ರಲ್ಲಿ ಮತ್ತೆ ಆರು ಸೊನ್ನೆ ಕಿತ್ತುಹಾಕಿತು. ಅಂಥ ಹೊತ್ತಿನಲ್ಲಿ ಜನ ಮುಖ್ಯವಾಗಿ ಹಿಡಿದುಕೊಂಡದ್ದು ಅಮೆರಿಕದ ಡಾಲರನ್ನು. 2019ರ ಮಾರ್ಚ್‌ನಲ್ಲಿ ದಿನಗಟ್ಟಲೆ ಕರೆಂಟ್ ಹೋಗಿ ಕಾರ್ಡ್ ಯಂತ್ರಗಳೂ ನಿಂತಾಗ, ನಡೆದದ್ದು ಕೈಯಲ್ಲಿದ್ದ ಡಾಲರ್ ನೋಟು. ಕರೆಂಟೂ ಇಂಟರ್ನೆಟ್ಟೂ ಇಲ್ಲದ ಅಂಗಡಿಯಲ್ಲಿ ಬಿಟ್‌ಕಾಯಿನ್‌ನಿಂದ ಅಕ್ಕಿ ಕೊಳ್ಳುವುದಾದರೂ ಹೇಗೆ? ಕೊಲಂಬಿಯಾ ಗಡಿಯ ಊರುಗಳಲ್ಲಿ ಆ ದೇಶದ ಪೆಸೊ, ದಕ್ಷಿಣದ ಗಣಿ ಪ್ರದೇಶದಲ್ಲಿ ಚಿನ್ನದ ಚೂರು ಕೂಡ ಹಣವಾಯಿತು.

ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣದ ಬಳಕೆಯೇ ಇಲ್ಲವೆಂದಲ್ಲ. ಹೊರದೇಶ ಸೇರಿದವರು ಮನೆಗೆ ಹಣ ಕಳಿಸಲು, ವ್ಯಾಪಾರಿಗಳು ಗಳಿಕೆ ಕರಗದಂತೆ ಕಾಯ್ದುಕೊಳ್ಳಲು ಅದನ್ನು ಬಳಸುತ್ತಾರೆ. ಅವರಲ್ಲಿ ಅನೇಕರು ಆರಿಸಿಕೊಳ್ಳುವುದು ಡಾಲರ್ ಬೆಲೆಗೆ ಕಟ್ಟಿದ ಟೆದರ್ ಎಂಬ ಕ್ರಿಪ್ಟೊ ನಾಣ್ಯವನ್ನು. ಬೆಲೆ ಏರಿಳಿತದಿಂದ ಬೆಂದವರು ಏರಿಳಿಯುವ ಇನ್ನೊಂದು ನಾಣ್ಯಕ್ಕೆ ಸಂಸಾರದ ಖರ್ಚನ್ನು ಒಪ್ಪಿಸಲಾರರು. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟ ಈ ಸಂಕಟವನ್ನು ಹೂಡಿಕೆಯ ಜಾಹೀರಾತು ಮಾಡುವುದು ಅನ್ಯಾಯ.

ಇನ್ನು ಪೆಟ್ರೊ. ತೈಲದ ಆಧಾರವಿದೆ ಎಂದು ಹೇಳಿ ಆಗಿನ ಅಧ್ಯಕ್ಷ ಮಡುರೊ ಅವರ ಸರ್ಕಾರ 2018ರ ಫೆಬ್ರುವರಿಯಲ್ಲಿ ಅದನ್ನು ಮಾರಾಟಕ್ಕಿಟ್ಟಿತು. ದಿನನಿತ್ಯದ ವ್ಯವಹಾರದಲ್ಲಿ ಅದು ಬೇರೂರಲಿಲ್ಲ. 2024ರ ಜನವರಿಯಲ್ಲಿ ಅದನ್ನು ಮುಚ್ಚಲಾಯಿತು.