ಫೋನು ನನ್ನದು, ಕಂತು ನನ್ನದು, ರೂಲ್ಸು ಮಾತ್ರ ಅವರದ್ದು

ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನದ್ದೇ ಒಂದು ಕಂಪನಿ, ಹೆಸರು ಬೇಡ. ನಾನಿರುವುದು ಅಕೌಂಟ್ಸ್‌ನಲ್ಲಿ. ಹೋದ ವಾರ ಐಟಿ ಟೀಮಿನಿಂದ ಮೇಲ್ ಬಂತು. ಒಂದನೇ ತಾರೀಕಿನಿಂದ ಆಫೀಸ್ ಮೇಲ್ ಫೋನಿನಲ್ಲಿ ನೋಡಬೇಕಂದರೆ ಅವರು ಹೇಳಿದ ಆ್ಯಪ್ ಹಾಕಿಕೊಳ್ಳಲೇಬೇಕಂತೆ. ಹಾಕದಿದ್ದರೆ ಮೇಲ್ ಬರಲ್ಲ. ಮೇಲ್ ನೋಡದಿದ್ದರೆ ರಾತ್ರಿ ಹತ್ತಕ್ಕೆ "ಏನ್ರೀ, ಮೇಲ್ ನೋಡಿಲ್ವಾ?" ಅಂತ ಫೋನ್ ಬರುತ್ತದೆ.

ಹಾಳಾಗಲಿ ಅಂತ ಹಾಕಲು ಕೂತೆ. ಮಧ್ಯದಲ್ಲಿ ಒಂದು ಪುಟ ಬಂತು, ಎಲ್ಲರೂ ಓದದೇ ಓಕೆ ಒತ್ತುವ ಪುಟ. ನಾನು ಓದಿದೆ. ಫೋನಿನಲ್ಲಿರುವ ಎಲ್ಲ ಡೇಟಾ ಅಳಿಸುವುದು, ಸ್ಕ್ರೀನ್ ಲಾಕ್ ಬದಲಿಸುವುದು, ಬೇಕೆಂದಾಗ ಫೋನ್ ಲಾಕ್ ಮಾಡುವುದು, ಇಷ್ಟಕ್ಕೂ ಒಪ್ಪಿಗೆ ಕೊಡಬೇಕು. ಯಾರ ಫೋನಿಗೆ? ಕಂತಿನಲ್ಲಿ ತಗೊಂಡು, ಇನ್ನೂ ಮೂರು ಕಂತು ಬಾಕಿ ಇರುವ ನನ್ನ ಫೋನಿಗೆ! ಮಗಳ ಫೋಟೋ, ಊರಿನ ಜಮೀನಿನ ಪಹಣಿ, ಅಪ್ಪನ ಶುಗರ್ ರಿಪೋರ್ಟ್ ಎಲ್ಲ ಅದರಲ್ಲೇ ಇದೆ.

ಯಾರು ಹಾಗೆಲ್ಲ ಅಳಿಸುತ್ತಾರೆ ಬಿಡಿ ಅನ್ನಬೇಡಿ. ನಮ್ಮ ಪಕ್ಕದ ಟೇಬಲ್ಲಿನ ಹುಡುಗ ಕೆಲಸ ಬಿಟ್ಟ ದಿನ, ಅವನ ಅಕೌಂಟ್ ತೆಗೆಯುವ ಭರದಲ್ಲಿ ಇಡೀ ಫೋನನ್ನೇ ಒರೆಸಿ ಹಾಕಿದರು. ಪಾಪ, ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ಸಿಗೆ ನಿಂತಿದ್ದನಂತೆ, ತೆಗೆದು ನೋಡಿದರೆ ಅಂಗಡಿಯಿಂದ ಈಗಷ್ಟೇ ತಂದ ಫೋನಿನ ಹಾಗೆ "ಭಾಷೆ ಆರಿಸಿ" ಅಂತ ಕೇಳುತ್ತಿತ್ತಂತೆ. ಮಗುವಿನ ನಾಮಕರಣದ ಫೋಟೋ ಹೋಯಿತು. ಬಸ್ ಟಿಕೆಟ್ಟೂ ಅದರಲ್ಲೇ ಇತ್ತು.

ಬೇರೆ ದಾರಿ ಇಲ್ಲದಿದ್ದರೆ ಸುಮ್ನಿರುತ್ತಿದ್ದೆ. ಆಂಡ್ರಾಯ್ಡ್‌ನಲ್ಲಿ ವರ್ಕ್ ಪ್ರೊಫೈಲ್ ಅಂತ ಇದೆ, 2014ರಲ್ಲಿ ಬಂದ 5.0 ಆವೃತ್ತಿಯಿಂದಲೂ ಇದೆ. ಆಫೀಸಿನ ಆ್ಯಪ್‌ಗಳೆಲ್ಲ ಬೇರೆಯಾಗಿ ಕೂರುತ್ತವೆ, ಕಂಪನಿಯವರು ಅಳಿಸಿದರೆ ಅಷ್ಟು ಮಾತ್ರ ಹೋಗುತ್ತದೆ, ನನ್ನ ಫೋಟೋ ನನ್ನ ಹತ್ತಿರವೇ ಉಳಿಯುತ್ತದೆ. ಇದನ್ನೇ ಐಟಿಯವನಿಗೆ ಹೇಳಿದೆ. "ಸಾರ್, ಅದೆಲ್ಲ ಸೆಟ್ ಮಾಡೋಕೆ ಟೈಮಿಲ್ಲ, ಎಲ್ಲರೂ ಹಾಕ್ಕೊಂಡಿದ್ದಾರೆ, ಕೇಳ್ತಿರೋದು ನೀವೊಬ್ರೇ" ಅಂದ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿಯವರು. ಅದು ಸರ್ಕಾರದ ಮಾತಾಯ್ತು, ಕಂಪನಿಗೆ ಹೇಗೆ ಅನ್ವಯ ಅಂತ ವಕೀಲರು ಕೇಳಬಹುದು, ಇರಲಿ. ಎಚ್‌ಆರ್ ಮೇಡಂ ಅಷ್ಟೂ ಕೇಳಲಿಲ್ಲ. "ನೀವು ಅಕೌಂಟ್ಸ್‌ನವರಲ್ವಾ?" ಅಂತ ನಕ್ಕರು.

ಇಷ್ಟೆಲ್ಲ ಸೆಕ್ಯುರಿಟಿ ಅನ್ನುವವರು ಮಾಡುವುದೇನು ಗೊತ್ತಾ? ಎಲ್ಲರ ಪ್ಯಾನ್ ನಂಬರ್, ಬ್ಯಾಂಕ್ ಅಕೌಂಟ್ ನಂಬರ್ ಇರುವ ಸಂಬಳದ ಎಕ್ಸೆಲ್ ಶೀಟನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದು. ಆ ಗ್ರೂಪಿನಲ್ಲಿ ಕೆಲಸ ಬಿಟ್ಟು ಹೋದವರು ನಾಲ್ಕು ಜನ ಇನ್ನೂ ಇದ್ದಾರೆ, ಹಳೇ ಕ್ಯಾಂಟೀನಿನ ಕಾಂಟ್ರಾಕ್ಟರೂ ಇದ್ದಾರೆ. ಸಾರ್, ತೆಗೀರಿ ಅಂತ ಮ್ಯಾನೇಜರಿಗೆ ಓಡಿ ಹೋಗಿ ಹೇಳಿದೆ. ಅವರು ಗಾಬರಿಯಲ್ಲಿ ಡಿಲೀಟ್ ಫಾರ್ ಎವರಿವನ್ ಬದಲು ಡಿಲೀಟ್ ಫಾರ್ ಮಿ ಒತ್ತಿದರು. ಈಗ ಆ ಶೀಟು ಅವರೊಬ್ಬರಿಗೆ ಬಿಟ್ಟು ಮಿಕ್ಕೆಲ್ಲರಿಗೂ ಕಾಣುತ್ತದೆ. ಇದಕ್ಕೆ ಯಾವ ಆ್ಯಪ್ ಹಾಕುತ್ತೀರಿ?

ಇನ್ನು ಲಿಂಕ್ಡ್‌ಇನ್ ಕಾಟ ಬೇರೆ. ಕಂಪನಿಯ ಪೋಸ್ಟಿಗೆ ಲೈಕ್ ಒತ್ತಿ, ಶೇರ್ ಮಾಡಿ, ಸ್ಕ್ರೀನ್‌ಶಾಟ್ ಕಳಿಸಬೇಕು. ನಾನು ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಸಿಕ್ಕಿ ಒಂದು ಸೆಲ್ಫಿ ಹಾಕಿದರೆ, ಐಡಿ ಕಾರ್ಡ್ ಕಾಣುತ್ತಿದೆ ಅಂತ ಮೆಮೊ. ಐಡಿ ಕಾರ್ಡ್ ತೋರಿಸಿದ್ದು ತಪ್ಪೇ, ಒಪ್ಪುತ್ತೇನೆ. ಹಾಗಾದರೆ ಸಂಬಳದ ಶೀಟ್ ಹಾಕಿದವರಿಗೆ ಮೆಮೊ ಎಲ್ಲಿ?

ನಾನು ಕೇಳಿದ್ದು ಇಷ್ಟೇ. ಆಫೀಸ್ ಕೆಲಸಕ್ಕೆ ಆಫೀಸಿನದ್ದೇ ಒಂದು ಫೋನ್ ಕೊಡಿ, ಇರುವುದರಲ್ಲೇ ಅಗ್ಗದ್ದಾದರೂ ಸರಿ, ಅದನ್ನು ಬೇಕಾದರೆ ದಿನಕ್ಕೆ ಮೂರು ಸಲ ಒರೆಸಿಕೊಳ್ಳಿ. ಬಜೆಟ್ ಇಲ್ಲ ಅಂದರು. ಅದನ್ನು ಹೇಳಿದ್ದೂ ನನ್ನ ವಾಟ್ಸಾಪಿಗೇ, ರಾತ್ರಿ 10.40ಕ್ಕೆ.