ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪಿ ಗೌಡಿಯ ಚರ್ಚು ನೋಡಿದಿರಿ, ಸರಿ. ನೆಲದಡಿಯ ರೋಮನ್ ಊರು?

"ಬರೀ ಮುರಿದ ಗೋಡೆಗಳಂತೆ, ಅದರಲ್ಲೇನು ನೋಡೋದು?" ಅಂತ ಹೇಳಿ ನಮ್ಮ ಜೊತೆಯವರೆಲ್ಲ ಶಾಪಿಂಗಿಗೆ ಹೋದರು. ಬಾರ್ಸಿಲೋನಾವರೆಗೂ ಬಂದು! ಸಗ್ರಾದಾ ಫ್ಯಾಮಿಲಿಯಾ ಅನ್ನೋ ಆ ಗೌಡಿ ಚರ್ಚಿನ ಮುಂದೆ ಬಿಸಿಲಲ್ಲಿ ಕ್ಯೂ ನಿಲ್ಲುವಾಗ ಯಾರಿಗೂ ಬೇಜಾರಿರಲಿಲ್ಲ. ನಾನು ಒಬ್ಬಳೇ ಹೋಗಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಈ ಪೋಸ್ಟು.

ಪ್ಲಾಸಾ ದೆಲ್ ರೇ ಅನ್ನೋ ಹಳೇ ಚೌಕದ ಅಡಿಯಲ್ಲಿ ಸುಮಾರು 4,000 ಚದರ ಮೀಟರ್ ರೋಮನ್ ಊರು ಹರಡಿಕೊಂಡಿದೆ. ಆಗಿನ ಹೆಸರು ಬಾರ್ಸಿನೋ. ಹೊಸ ರಸ್ತೆಗೆ ಅಡ್ಡ ಬಂದ ಹಳೇ ಮನೆಯೊಂದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು, 1931ರಲ್ಲಿ ಇಲ್ಲಿ ಮತ್ತೆ ಕಟ್ಟೋಣ ಅಂತ ಪಾಯ ತೋಡಿದರೆ ಕೆಳಗೆ ಊರೇ ಸಿಕ್ಕಿತು! ಆ ಮನೆಯೇ 1943ರಿಂದ ಮ್ಯೂಸಿಯಂ.

ಲಿಫ್ಟಿನಲ್ಲಿ ಇಳಿದರೆ ಅರಮನೆ ಗಿರಮನೆ ಏನೂ ಇಲ್ಲ. ಬಟ್ಟೆ ಒಗೆಯುವ ಜಾಗ, ಪಕ್ಕದಲ್ಲಿ ಬಣ್ಣ ಹಾಕುವ ಜಾಗ. ರೋಮನ್ನರ ಕಾಲದಲ್ಲಿ ಕೊಳೆ ತೆಗೆಯಲು ಮೂತ್ರ ಬಳಸುತ್ತಿದ್ದರು, ಅದರಲ್ಲಿ ನಿಂತು ಬಟ್ಟೆ ತುಳಿಯುತ್ತಿದ್ದರು. (ನಿಮ್ಮ ರೋಮನ್ ಚಕ್ರವರ್ತಿಗಳು ಮೈಗೆ ಸುತ್ತಿಕೊಳ್ಳುತ್ತಿದ್ದ ಬಿಳಿ ಟೋಗಾ ಹೊಳೆಯುತ್ತಿದ್ದದ್ದು ಹೀಗೆ.) ಮುಂದೆ ಮೂರನೇ ಶತಮಾನದ ವೈನ್ ಮಾಡುವ ಜಾಗ, ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಹಂಡೆಗಳು. ಆಮೇಲೆ ಮೀನಿನ ತೊಟ್ಟಿಗಳು. ಮೀನಿನ ಕರುಳಿಗೆ ಉಪ್ಪು ಹಾಕಿ ವಾರಗಟ್ಟಲೆ ಕೊಳೆಸಿ ಗಾರುಮ್ ಅನ್ನೋ ಸಾರ ತೆಗೆಯುತ್ತಿದ್ದರು. ಅದಿಲ್ಲದೆ ರೋಮನ್ನರ ಊಟ ಇಲ್ಲ.

ನಮ್ಮಜ್ಜಿ ಮಲ್ಪೆಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವಳು. ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅಂಥ ನಾತದ ಕೆಲಸಕ್ಕೆ ಇಲ್ಲಿ ಲೈಟು ಹಾಕಿ, ಬೋರ್ಡು ಬರೆದು, ಕಾವಲು ಇಟ್ಟಿದ್ದಾರೆ. ಗಂಟಲು ಕಟ್ಟಿತು. ಹೌದು, ಮೀನಿನ ತೊಟ್ಟಿ ಮುಂದೆ. ನಗಬೇಡಿ.

"ಹಂಪಿ ನೋಡಿದವರಿಗೆ ಇದೆಲ್ಲ ಯಾವ ಲೆಕ್ಕ" ಅಂದರು ನಮ್ಮ ಜೊತೆಯವರಲ್ಲೊಬ್ಬರು. ಹಂಪಿಯಲ್ಲಿ ಇವರು ನೋಡಿದ್ದು ಕಲ್ಲಿನ ರಥ, ಅದೂ ಸೆಲ್ಫಿಯ ಹಿಂದೆ. ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಯಾರು ಕೂತು ಏನು ಮಾರುತ್ತಿದ್ದರು ಅಂತ ಇವರು ಕೇಳಿದ್ದು ನಾನಂತೂ ಕಾಣೆ. ಬಾರ್ಸಿನೋದ ಗೋಡೆಗಳು ಮೊಣಕಾಲೆತ್ತರ, ಯಾವುದು ತೊಟ್ಟಿ ಯಾವುದು ಚರಂಡಿ ಅಂತ ಸುಮ್ನೆ ನೋಡಿದರೆ ತಿಳಿಯಲ್ಲ, ಒಪ್ಪಿದೆ. ಬೋರ್ಡ್ ಇರೋದು ಯಾಕೆ ಮತ್ತೆ? ಓದಿ! ಮೆನು ಕಾರ್ಡನ್ನು ಎಷ್ಟು ಶ್ರದ್ಧೆಯಿಂದ ಓದುತ್ತೀರಿ!

ಅಂದಹಾಗೆ, ಭಾನುವಾರ ಮಧ್ಯಾಹ್ನ ಮೂರರ ಮೇಲೆ ಪುಕ್ಕಟೆ. ದುಡ್ಡಿನ ನೆಪವೂ ಬೇಡ.