ಫೀಲ್ಡ್ ಮಾರ್ಷಲರ ರಸ್ತೆಯನ್ನು ಹುಡುಕಿಕೊಂಡು

ಶನಿವಾರಸಂತೆಯಿಂದ ಬೆಂಗಳೂರಿಗೆ ಹೋಗಿಬರುವುದು ನಮಗೆ ಹೊಸದಲ್ಲ. ಆಸ್ಪತ್ರೆ, ಮದುವೆ, ಗೃಹಪ್ರವೇಶ ಎಂದು ವರ್ಷಕ್ಕೆ ಮೂರು ನಾಲ್ಕು ಸಲ ರಾತ್ರಿ ಬಸ್ಸು ಹತ್ತುತ್ತೇವೆ. ಆದರೆ ಊರು ನೋಡುವುದಕ್ಕೆಂದೇ ಮನೆಮಂದಿಯೆಲ್ಲ ಹೊರಟಿದ್ದು ಒಂದೇ ಸಲ. ಕಾಫಿ ಕೊಯ್ಲು ಮುಗಿದು, ಚೆರ್ರಿ ಎಂದು ನಾವು ಕರೆಯುವ ಒಣಗಿಸಿದ ಕಾಫಿ ಹಣ್ಣು ಮಾರಾಟವಾಗಿ, ಅಪ್ಪನ ಕೈಯೂ ಮನಸ್ಸೂ ಒಟ್ಟಿಗೆ ಬಿಚ್ಚಿದ್ದ ಅಪರೂಪದ ಮಾರ್ಚ್ ತಿಂಗಳು ಅದು. ಮಕ್ಕಳಿಗೆ ಮೆಟ್ರೊ ಬೇಕಿತ್ತು, ನನ್ನ ಹೆಂಡತಿಗೆ ಲಾಲ್‌ಬಾಗ್ ಬೇಕಿತ್ತು, ಅಮ್ಮನಿಗೆ ವಿಧಾನಸೌಧ ಬೇಕಿತ್ತು. ಅಪ್ಪನ ಬೇಡಿಕೆ ಮಾತ್ರ ಬೇರೆ. 1899ರಲ್ಲಿ ನಮ್ಮೂರಿನಲ್ಲೇ ಹುಟ್ಟಿ, 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರ ಹೆಸರಿನ ರಸ್ತೆಯೊಂದು ಬೆಂಗಳೂರಿನಲ್ಲಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ಆ ರಸ್ತೆಯಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು, ಅಷ್ಟೇ.

ಕೊಡಗಿನಲ್ಲಿ ರೈಲು ಮಾರ್ಗವೇ ಇಲ್ಲವಾದ್ದರಿಂದ, ಅರುವತ್ತೆಂಟು ವರ್ಷದ ಅಮ್ಮನಿಗೆ ಮೆಟ್ರೊ ಜೀವನದ ಮೊದಲ ರೈಲು. ಮೆಜೆಸ್ಟಿಕ್ ನಿಲ್ದಾಣದಲ್ಲಿ ನಾಣ್ಯದಂತಹ ಪ್ಲಾಸ್ಟಿಕ್ ಟೋಕನ್ನನ್ನು ಯಂತ್ರಕ್ಕೆ ಮುಟ್ಟಿಸಿ ಒಳಗೆ ಬಂದವಳು, ಕಳೆದುಹೋದೀತೆಂಬ ಭಯದಿಂದ ಅದನ್ನು ಸೀರೆಯ ಸೆರಗಿನ ತುದಿಯಲ್ಲಿಟ್ಟು ಎರಡು ಗಂಟು ಹಾಕಿ, ದಾರಿಯುದ್ದಕ್ಕೂ ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು. ನೆಲದೊಳಗೆ ಓಡುತ್ತಿದ್ದ ರೈಲು ಇದ್ದಕ್ಕಿದ್ದಂತೆ ಹೊರಗೆ ಬಂದು ಮನೆಗಳ ತಾರಸಿಯ ಮಟ್ಟಕ್ಕೆ ಏರಿದಾಗ ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಲಾಲ್‌ಬಾಗ್ ನಿಲ್ದಾಣದಲ್ಲಿ ಹೊರಗೆ ಹೋಗುವಾಗ ಟೋಕನ್ನನ್ನು ಯಂತ್ರದ ಸೀಳಿನೊಳಗೆ ಹಾಕಬೇಕು. ಬೆವರಿಗೆ ನೆಂದು, ಮುಷ್ಟಿಗೆ ಸಿಕ್ಕಿ, ಗಂಟು ಗೋಲಿಯಾಗಿತ್ತು. ಅಮ್ಮ ಸೆರಗನ್ನೇ ಎತ್ತಿ ಯಂತ್ರಕ್ಕೆ ಮುಟ್ಟಿಸಿ ನೋಡಿದಳು, ಅದು ಬಗ್ಗಲಿಲ್ಲ. ಹಿಂದೆ ಸಾಲು ಬೆಳೆಯಿತು. ನನ್ನ ಹೆಂಡತಿ ಉಗುರಿನಿಂದ ಪ್ರಯತ್ನಿಸಿದಳು. ಜೀವಮಾನವಿಡೀ ಕಾಫಿ ಚೀಲದ ಗಂಟು ಬಿಚ್ಚಿ ಪಳಗಿದ ಅಪ್ಪ ಹಲ್ಲಿನಿಂದ ಪ್ರಯತ್ನಿಸಿ, ಹಲ್ಲಿನ ಸೆಟ್ಟು ಅಲುಗಿದ್ದರಿಂದ ಹಿಂದೆ ಸರಿದರು. ಕೊನೆಗೆ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ತನ್ನ ತಲೆಯ ಪಿನ್ನು ಕೊಟ್ಟು, ಅದರ ತುದಿಯಿಂದ ಗಂಟು ಸಡಿಲವಾಗಿ, ಟೋಕನ್ ಸೀಳಿನೊಳಗೆ ಬಿದ್ದು ಬಾಗಿಲು ತೆರೆಯಿತು. ಅಮ್ಮ ಮಾತ್ರ ಹೊರಗೆ ಹೋಗದೆ ಅಲ್ಲೇ ನಿಂತಿದ್ದಳು.

“ವಾಪಸ್ ಕೊಡುವುದಿಲ್ಲವಾ ಮಗ?” ಎಂದು ನನ್ನನ್ನು ಕೇಳಿದಳು.

1760ರಲ್ಲಿ ಹೈದರಾಲಿ ಆರಂಭಿಸಿದ ತೋಟವನ್ನು ಕಾಫಿ ಬೆಳೆಗಾರನೊಬ್ಬನಿಗೆ ತೋರಿಸುವುದು ಕಷ್ಟದ ಕೆಲಸ. ಗಾಜಿನ ಮನೆಯ ಕಡೆ ಅಪ್ಪ ಕಣ್ಣೆತ್ತಿಯೂ ನೋಡಲಿಲ್ಲ. ಅಷ್ಟೆತ್ತರದ ಮರಗಳಲ್ಲಿ ಒಂದಕ್ಕೂ ಮೆಣಸಿನ ಬಳ್ಳಿ ಹಬ್ಬಿಸಿಲ್ಲವೆಂಬ ಸಂಕಟ ಅವರನ್ನು ಕಾಡುತ್ತಿತ್ತು. ಕೆಂಪೇಗೌಡರ ಗೋಪುರವಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಾಗಿದೆಯೆಂದು ಮಗಳು ಫಲಕ ನೋಡಿ ಹೇಳಿದಾಗ, ಅವರು ಆ ವಿಶಾಲವಾದ ಬಿಸಿಲುಗಲ್ಲನ್ನು ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ನೋಡಿ, “ಎಂಥಾ ಕಣ! ಚೆರ್ರಿ ಹರಡಿದರೆ ವಾರದಲ್ಲಿ ಒಣಗುತ್ತದೆ” ಎಂದು ನಿಟ್ಟುಸಿರು ಬಿಟ್ಟರು.

ವಿಧಾನಸೌಧವನ್ನು ಬೇಲಿಯ ಹೊರಗಿನಿಂದಲೇ ನೋಡಿದೆವು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನು ಅಮ್ಮ ಭಕ್ತಿಯಿಂದ ಓದಿದಳು. ತೀರಿಕೊಂಡ ಹಿರಿಯರ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಪೌತಿ ಖಾತೆಗಾಗಿ ಕಚೇರಿಯೊಂದಕ್ಕೆ ಹನ್ನೊಂದು ವರ್ಷ ಅಲೆದಿರುವ ಅಪ್ಪ, “ಹಾಗಾದರೆ ನಾನು ಅರ್ಜಿ ಕೊಟ್ಟದ್ದು ತಪ್ಪು, ಹರಕೆ ಹೊರಬೇಕಾಗಿತ್ತು” ಎಂದರು.

ಅಲ್ಲಿಂದ ಮುಂದೆ ಕಾರ್ಯಪ್ಪ ರಸ್ತೆಯ ಶೋಧ. ಮೊದಲನೆಯ ಆಟೋದವನು ಅಂತಹ ರಸ್ತೆಯೇ ಇಲ್ಲವೆಂದ. ಎರಡನೆಯವನು ಗೊತ್ತೆಂದು ಹತ್ತಿಸಿಕೊಂಡು, ಪಾರ್ಕೊಂದರ ಮುಂದೆ ಇಳಿಸಿ ಹೋದ. ನನ್ನ ಮೊಬೈಲಿನ ಚಾರ್ಜು ಮಗ ಮೆಟ್ರೊದಲ್ಲಿ ತೆಗೆದ ವಿಡಿಯೋಗಳಿಗೆ ಬಲಿಯಾಗಿತ್ತು. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಡೆದು, ಕಾಲು ಸೋತು, ಕಣ್ಣಿಗೆ ಬಿದ್ದ ತಣ್ಣನೆಯ ಕಾಫಿ ಅಂಗಡಿಯೊಂದಕ್ಕೆ ನುಗ್ಗಿದೆವು. ಒಂದು ಕಪ್ಪಿಗೆ 240 ರೂಪಾಯಿ. ಅಪ್ಪ ಕಾಫಿ ಮುಟ್ಟುವ ಮೊದಲು ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಶುರು ಮಾಡಿದರು: 50 ಕೆ.ಜಿ. ಚೀಲದ ಚೆರ್ರಿಗೆ 26 ಕೆ.ಜಿ. ಬೇಳೆ, ಹುರಿದರೆ ಐದು ಕೆ.ಜಿ. ಕಳೆಯಿರಿ, ಕಪ್ಪಿಗೆ 10 ಗ್ರಾಂ ಪುಡಿ ಎಂದರೆ 2,100 ಕಪ್ಪು, ಒಟ್ಟು ಐದು ಲಕ್ಷದ ನಾಲ್ಕು ಸಾವಿರ ರೂಪಾಯಿ. ಅಂದರೆ ಆ ಸಲ ಮಾರಿದ ಚೀಲಗಳ ಪೈಕಿ ಒಂದನ್ನು ಇವರಿಗೆ ಕಪ್ಪಿನ ಲೆಕ್ಕದಲ್ಲಿ ಮಾರಿದ್ದರೆ ತಂಗಿಯ ಮದುವೆಯ ಸಾಲ ತೀರುತ್ತಿತ್ತು. “ಹಾಲು, ಸಕ್ಕರೆ, ಬಾಡಿಗೆ ಎಲ್ಲ ಇರುತ್ತದಲ್ಲ ಮಾವ” ಎಂದು ನನ್ನ ಹೆಂಡತಿ ಸಮಾಧಾನ ಹೇಳಿದಳು. ಅಪ್ಪ ಒಂದು ಗುಟುಕು ಕುಡಿದು, “ಚಿಕೋರಿಯೂ ಇದೆ” ಎಂದರು.

ಹೊರಗೆ ಬಂದಾಗ ಬಾಗಿಲ ಬಳಿಯಿದ್ದ ಕಾವಲುಗಾರನನ್ನು, ಕೊನೆಯ ಪ್ರಯತ್ನವೆಂಬಂತೆ, ಅಪ್ಪ ರಸ್ತೆಯ ಬಗ್ಗೆ ಕೇಳಿದರು. ಬಿಳಿ ಮೀಸೆಯ ಆ ಮನುಷ್ಯ ಒಂದು ಕ್ಷಣ ನೆಟ್ಟಗೆ ನಿಂತ.

“ನೀವು ನಿಂತಿರುವುದೇ ಅದರಲ್ಲಿ ಸ್ವಾಮಿ. ಜನ ರೆಸಿಡೆನ್ಸಿ ರೋಡ್ ಅಂತಾರೆ. ನಾನು ಮಿಲಿಟರಿಯಲ್ಲಿದ್ದವನು, ಅದಕ್ಕೆ ಗೊತ್ತು.”

ಇದೇ ರಸ್ತೆಯಲ್ಲಿ ಮುಂದೆ ಹೋದರೆ ಜನರಲ್ ತಿಮ್ಮಯ್ಯ ರಸ್ತೆಯೂ ಬಂದು ಸೇರುತ್ತದೆ, ಅದನ್ನು ರಿಚ್ಮಂಡ್ ರೋಡ್ ಎಂದರೆ ಮಾತ್ರ ಜನರಿಗೆ ತಿಳಿಯುತ್ತದೆ ಎಂದೂ ಅವನೇ ಹೇಳಿದ. ಕೊಡಗಿನ ಇಬ್ಬರು ದಂಡನಾಯಕರು ಸಂಧಿಸುವ ಜಾಗಕ್ಕೆ ರಿಚ್ಮಂಡ್ ವೃತ್ತವೆಂಬ ಹೆಸರಿರುವುದು ಅಪ್ಪನಿಗೆ ಕಾಫಿಯ ಬೆಲೆಗಿಂತ ಹೆಚ್ಚು ನೋವು ಕೊಟ್ಟಿತು.

ಅಂತೂ ಹೆಸರಿನ ಫಲಕವೊಂದು ಸಿಕ್ಕಿತು. ಅಪ್ಪ ಅಂಗಿ ಸರಿಪಡಿಸಿಕೊಂಡು, ಎದೆಯುಬ್ಬಿಸಿ, ಕವಾಯತಿಗೆ ನಿಂತವರಂತೆ ನಿಂತರು. ಹೆಂಡತಿಯ ಮೊಬೈಲಿನಲ್ಲಿ ನಾನೇ ಚಿತ್ರ ತೆಗೆದೆ. ಅದನ್ನು ದೊಡ್ಡದು ಮಾಡಿ ನೋಡಿದ್ದು ರಾತ್ರಿ ಬಸ್ಸು ರಾಮನಗರ ದಾಟಿದ ಮೇಲೆ: ಫಲಕದಲ್ಲಿ ‘ರಸ್ತೆ’ ಎಂಬ ಒಂದು ಪದವಷ್ಟೇ ಕಾಣುತ್ತಿತ್ತು. ಅಪ್ಪ ಬೇಸರಿಸಿಕೊಳ್ಳಲಿಲ್ಲ. ಚಿತ್ರಕ್ಕೆ ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದ್ದಾರೆ. ಯಾವ ರಸ್ತೆಯೆಂದು ಕೇಳಿದವರಿಗೆಲ್ಲ, “ಹೆಸರು ನನ್ನ ತಲೆಯ ಹಿಂದಿದೆ” ಎನ್ನುತ್ತಾರೆ.